ಯಾರದೋ ಮೈ, ಯಾರದೋ ಎಂಜಿನ್ನು

ಕಾರಿನ ಹುಚ್ಚು ಹತ್ತಿದವರಲ್ಲಿ ಎರಡು ಜಾತಿ. ಶೋರೂಮಿನಿಂದ ತಂದ ಗಾಡಿಯನ್ನು ತೊಳೆದು ಒರೆಸಿ, ಸೀಟಿನ ಪ್ಲಾಸ್ಟಿಕ್ಕನ್ನೂ ಕೀಳದೆ ಕಾಪಾಡುವವರದು ಒಂದು. ತಂದ ಮರುದಿನವೇ ಬಾನೆಟ್ ಎತ್ತಿ, ಒಳಗೆ ಎಷ್ಟು ಜಾಗ ಖಾಲಿ ಉಳಿದಿದೆ ಎಂದು ಗೇಣು ಹಾಕುವವರದು ಇನ್ನೊಂದು. ಮೊದಲನೆಯವರ ಜೊತೆ ಪ್ರಯಾಣ ಸುಖ, ಎರಡನೆಯವರ ಜೊತೆ ಹರಟೆ ಸುಖ. ಅವರ ಗಾಡಿ ಹೇಗೂ ಗ್ಯಾರೇಜಿನಲ್ಲೇ ಇರುವುದರಿಂದ ಹರಟೆಗೆ ಪುರುಸೊತ್ತೂ ಧಾರಾಳ.

ಸಕಲೇಶಪುರದ ಕಡೆ ಈ ಎರಡನೆಯ ಜಾತಿಯ ಜನಸಂಖ್ಯೆ ಜಾಸ್ತಿ. ಕಾಫಿತೋಟದ ಏರುದಾರಿ, ಮಳೆಗಾಲದ ಕೆಸರು ಇವುಗಳ ನಡುವೆ ಜೀಪು, ಜಿಪ್ಸಿ ಶೋಕಿಯಲ್ಲ, ಅಗತ್ಯ. ಆ ಅಗತ್ಯ ಯಾವ ಗಳಿಗೆಯಲ್ಲಿ ಶೋಕಿಗೆ ತಿರುಗಿತು ಎಂಬುದು ಮನೆಯವರಿಗೆ ಮಾತ್ರ ಗೊತ್ತಿರುತ್ತದೆ. ನನಗೆ ಗಾಡಿಯ ವಿಷಯದಲ್ಲಿ ಪೆಟ್ರೋಲಿನ ರೇಟು ಬಿಟ್ಟರೆ ಹೆಚ್ಚೇನೂ ತಿಳಿಯದು. ಆದರೂ ಅಲ್ಲಿನ ಒಂದು ಗ್ಯಾರೇಜಿನ ಬೆಂಚು ಖಾಲಿ ಕಂಡರೆ ಕೂರದೆ ಮುಂದೆ ಹೋಗಲಾರೆ.

"ಜಿಪ್ಸಿಗೆ ಎಲ್ಲಾ ಇದೆ ಮಾರಾಯ, ಪಿಕಪ್ ಒಂದು ಬಿಟ್ಟು" ಎಂದು ಒಬ್ಬ ಶುರುಮಾಡುತ್ತಾನೆ. 1985ರಲ್ಲಿ ಬಂದ ಮೊದಲ ಜಿಪ್ಸಿಗೆ ಇದ್ದದ್ದು 970 ಸಿಸಿ ಎಂಜಿನ್ನು. ಆಮೇಲೆ ಅದು 1300 ಆಯಿತು, ಎಂಪಿಎಫ್‌ಐ ಬಂದು 80 ಅಶ್ವಶಕ್ತಿ ಆಯಿತು. ಭಕ್ತರಿಗೆ ಅದೂ ಸಾಲದು. ಅವರ ಕಣ್ಣು ಹಳೆಯ ಬಲೆನೊದ 1.6 ಲೀಟರ್ ಎಂಜಿನ್ನಿನ ಮೇಲೆ. "ಒಂದೇ ಮನೆತನದ್ದು, ಅಣ್ಣ-ತಮ್ಮ ಇದ್ದ ಹಾಗೆ. ಸುಮ್ಮನೆ ಎತ್ತಿ ಇಡೋದು, ಬೋಲ್ಟ್ ಬಿಗಿಯೋದು" ಎನ್ನುತ್ತಾರೆ.

ಎತ್ತಿ ಇಡುವ ಆ 'ಸುಮ್ಮನೆ'ಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬಲೆನೊದಲ್ಲಿ ಅಡ್ಡಡ್ಡ ಕೂತಿದ್ದ ಎಂಜಿನ್ನು ಜಿಪ್ಸಿಯಲ್ಲಿ ಉದ್ದಕ್ಕೆ ಕೂರಬೇಕು. ಚೈನ್ ಬ್ಲಾಕಿನಲ್ಲಿ ನೇತಾಡುತ್ತಿದ್ದುದನ್ನು ಇಬ್ಬರು ಹಿಡಿದು ನಿಧಾನ ಇಳಿಸಿದರೆ, ಕೆಳಗೆ ಸಂಪು ಮುಂದಿನ ಆಕ್ಸಲ್ಲಿಗೆ ತಾಗಿ 'ಟಣ್' ಎಂದಿತು. ಮತ್ತೆ ಮೇಲಕ್ಕೆ. ಸಂಪು ಕತ್ತರಿಸಿ ವೆಲ್ಡಿಂಗು, ಹೊಸ ಮೌಂಟಿಂಗು, ಬೇರೆ ದಿಕ್ಕಿಗೆ ಹೊರಳಿದ ನೀರಿನ ಪೈಪು. ವೈರಿಂಗ್ ಬಿಚ್ಚಿ ನೆಲಕ್ಕೆ ಹರಡಿದಾಗಲಂತೂ ಗ್ಯಾರೇಜಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಗಿಯಿತು ಅನ್ನುವಷ್ಟರಲ್ಲಿ ರೇಡಿಯೇಟರ್ ಚಿಕ್ಕದಾಯಿತು. ಅದನ್ನು ದೊಡ್ಡದು ಮಾಡಿದರೆ ಕ್ಲಚ್ಚು ಜಾರತೊಡಗಿತು. ಹೊಸ ಬೀಗರು ಮನೆಗೆ ಬಂದಾಗ ಸೋಫಾ ಹಳೆಯದಾಗಿ, ಸೋಫಾ ಬದಲಿಸಿದಾಗ ಗೋಡೆಯ ಬಣ್ಣ ಮಾಸಿದಂತೆ ಕಾಣುವುದಿಲ್ಲವೇ, ಹಾಗೆ.

ಇದನ್ನೆಲ್ಲ ನೋಡಿ ನಗುವವರು ಒಂದು ಮಾತು ನೆನಪಿಡಬೇಕು. ನಮ್ಮ ದೇಶದಲ್ಲಿ ಈ ಚಾಳಿ ಕಲಿಸಿದ್ದೇ ದೊಡ್ಡ ಕಂಪನಿಗಳು. ಹಿಂದೂಸ್ತಾನ್ ಮೋಟಾರ್ಸ್‌ನವರು ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರಿನ ಮೈಗೆ ಅಂಬಾಸಿಡರಿನ 1489 ಸಿಸಿ ಎಂಜಿನ್ನು ಕೂರಿಸಿ ಕಾಂಟೆಸಾ ಎಂದು ಹೆಸರಿಟ್ಟರು. ನೋಡಲು ಜಟ್ಟಿ, ಏರು ಕಂಡರೆ ಏದುಸಿರು. ಕೊನೆಗೆ ಜಪಾನಿನ ಇಸುಜು 1.8 ತಂದು ಹಾಕಿದ ಮೇಲೆ ಜಟ್ಟಿಗೆ ಜೀವ ಬಂತು. ಅದೇ ಇಸುಜು ತೊಂಬತ್ತರ ದಶಕದಲ್ಲಿ ಅಂಬಾಸಿಡರಿನ ಹೊಟ್ಟೆಯನ್ನೂ ಸೇರಿತು. ಮಹೀಂದ್ರ ಜೀಪಿಗೆ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನು ಬಂದದ್ದೂ ಹೀಗೆಯೇ. ಅದಾದ ಮೇಲೆ ಫ್ರಾನ್ಸಿನ ಪ್ಯೂಜೊ. ಫಿಯಟ್‌ನ 1.3 ಮಲ್ಟಿಜೆಟ್ ಅಂತೂ 2007ರಲ್ಲಿ ಸ್ವಿಫ್ಟಿಗೆ ಕಾಲಿಟ್ಟಿದ್ದೇ ತಡ, ಡಿಜೈರು, ವಿಸ್ಟಾ, ಮಾಂಜಾ, ಎರ್ಟಿಗಾ ಎಂದು ಕಂಡಕಂಡ ಕಾರುಗಳನ್ನು ಹೊಕ್ಕು 'ನ್ಯಾಷನಲ್ ಎಂಜಿನ್' ಎಂಬ ಬಿರುದನ್ನೇ ಪಡೆಯಿತು. ಕೊಯಮತ್ತೂರಿನ ಕರಿವರ್ಧನ್ ಸಂಸಾರಸ್ಥರ ಮಾರುತಿ 800ರ ಎಂಜಿನ್ನನ್ನು ಒಂಟಿ ಸೀಟಿನ ರೇಸ್ ಕಾರಿಗೆ ಇಟ್ಟು ಫಾರ್ಮುಲಾ ಮಾರುತಿ ಮಾಡಿದರು. ನಾರಾಯಣ್ ಕಾರ್ತಿಕೇಯನ್ ರೇಸಿನ ಅಕ್ಷರಾಭ್ಯಾಸ ಮಾಡಿದ್ದು ಅದರಲ್ಲೇ.

"ಕಂಪನಿ ಮಾಡಿದ್ರೆ ಹೊಸ ಮಾಡೆಲ್ಲು, ನಾವು ಮಾಡಿದ್ರೆ ಕೇಸು" ಎಂಬುದು ಬೆಂಚಿನವರ ಸಿಟ್ಟು. ಸಿಟ್ಟಿಗೆ ಕಾರಣವಿಲ್ಲದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆರ್‌ಸಿಯಲ್ಲಿರುವ ಮೂಲ ವಿವರ ಬದಲಾಗುವಂತೆ ಗಾಡಿ ತಿದ್ದುವುದನ್ನು ಒಪ್ಪುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿತು. ಕಂಪನಿಯವರು ಬದಲಿಸುವ ಮುಂಚೆ ಪರೀಕ್ಷೆ ಮಾಡಿಸುತ್ತಾರೆ. ನಮ್ಮವರು ಬದಲಿಸಿದ ಮೇಲೆ ಬಿಸಿಲೆ ಘಾಟಿಯಲ್ಲಿ ಪರೀಕ್ಷೆ ಮಾಡುತ್ತಾರೆ. ವ್ಯತ್ಯಾಸ ಇಷ್ಟೇ ಎಂದು ಅವರ ವಾದ. ಆ ವ್ಯತ್ಯಾಸದಲ್ಲೇ ನಮ್ಮ ಜೀವ ಇದೆಯಲ್ಲ ಎಂದು ನನಗೆ ಅನ್ನಿಸಿದರೂ, ಚಹಾ ಅವರ ಖರ್ಚಿನದಾದ್ದರಿಂದ ಬಾಯಿ ಬಿಡುವುದಿಲ್ಲ.

ಈಗಿನ ಹುಡುಗರು ಸ್ಪಾನರನ್ನೇ ಮುಟ್ಟುವುದಿಲ್ಲ. ಲ್ಯಾಪ್‌ಟಾಪ್ ಚುಚ್ಚಿ ರೀಮ್ಯಾಪ್ ಮಾಡಿಸಿ, ಸ್ಟೇಜ್ ಒನ್, ಸ್ಟೇಜ್ ಟೂ ಎನ್ನುತ್ತಾರೆ. ಟರ್ಬೊ ಗಾಡಿಗೆ ಇಷ್ಟರಿಂದಲೇ ಹತ್ತಾರು ಅಶ್ವಗಳು ಹೆಚ್ಚಿಗೆ ಸಿಗುತ್ತವೆ. ಹಳಬರಿಗೆ ಇದು ಹಿಡಿಸದು. "ಕೈಗೆ ಗ್ರೀಸ್ ಹತ್ತದ ಪವರ್ರು ಎಂಥ ಪವರ್ರು?" ಎಂದು ಅವರು, "ನಿಮ್ಮ ಕೈಗೆ ಹತ್ತಿದೆ, ಗಾಡಿಗೆ ಹತ್ತಿಲ್ಲ" ಎಂದು ಇವರು. ಫ್ರೀ ಫ್ಲೋ ಸೈಲೆನ್ಸರ್ ಹಾಕಿದವನ ಗಾಡಿ ಮಾತ್ರ ಸದ್ದಿನಲ್ಲಿ ಇಬ್ಬರನ್ನೂ ಸೋಲಿಸುತ್ತದೆ. ವೇಗದ ಮಾತು ಬೇಡ.

ಇಷ್ಟು ಹೊತ್ತೂ ಜಿಪ್ಸಿಯಡಿ ಮಲಗಿದ್ದ ಮೇಸ್ತ್ರಿ ಮೊನ್ನೆ ತಲೆ ಮಾತ್ರ ಹೊರಹಾಕಿ ಹೇಳಿದರು: "ಶಿರಾಡಿ ಹತ್ತೋಕೆ ಅಂತ ದುಡ್ಡು ಸುರಿಯೋರು ಬೇಕಾದಷ್ಟು ಜನ ಇದಾರೆ. ಇಳಿಯೋಕೆ ಅಂತ ಯಾರೂ ಸುರಿಯಲ್ಲ. ಎಂಜಿನ್ ಕಾರಿಂದು ಬಂತು, ಹಿಂದಿನ ಬ್ರೇಕು ಇನ್ನೂ ಡ್ರಮ್ಮೇ."

ಬೆಂಚು ಮೌನವಾಯಿತು. ಮಾತು ನಾಟಿತು ಎಂದು ನನಗೂ ಸಮಾಧಾನವಾಯಿತು. ಅಷ್ಟರಲ್ಲಿ ಜಿಪ್ಸಿಯವನು ಕೇಳಿದ: "ಹೌದಲ್ವ! ಹಿಂದಕ್ಕೆ ಯಾವ ಕಾರಿನ ಡಿಸ್ಕ್ ಕೂರುತ್ತೆ?"