ಹಳ್ಳಕ್ಕೆ ಎಷ್ಟು ಮೀಟರ್, ಸ್ವಾಮಿ?

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಎರಡು ಕೆಲಸ ಜೊತೆಜೊತೆಗೇ ನಡೆದಿವೆ. ಮುತ್ತಿನಮುಳುಸೋಗೆ ಹತ್ತಿರ ಕಾವೇರಿಗೆ ಮೋಟಾರು ಇಟ್ಟು ನೀರೆತ್ತಿ 150 ಕೆರೆ ತುಂಬಿಸುವುದು ಒಂದು. ಮಳೆನೀರನ್ನು ಬಿಟ್ಟಿಯಾಗಿ ಕೆರೆಗೆ ತಂದು ಸುರಿಯುತ್ತಿದ್ದ ಹಳ್ಳಗಳನ್ನು ಮುಚ್ಚಿ ಸೈಟು ಮಾಡುವುದು ಇನ್ನೊಂದು. ಮೊದಲನೆಯದಕ್ಕೆ ಸರ್ಕಾರದ ದುಡ್ಡು. ಎರಡನೆಯದಕ್ಕೆ ಸರ್ಕಾರದ ಸೀಲು.

ಕಾನೂನು ಇಲ್ಲವೇ? ಧಾರಾಳವಾಗಿದೆ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ನದಿ, ತೊರೆ, ಹಳ್ಳ, ಕೆರೆ ಎಲ್ಲವೂ ಸರ್ಕಾರದ ಸ್ವತ್ತು. ದಾಖಲೆಯಲ್ಲಿ ಹಳ್ಳ ‘ಬಿ’ ಖರಾಬು, ಅಂದರೆ ಸಾರ್ವಜನಿಕರದ್ದು. ನಮ್ಮಲ್ಲಿ ಸಾರ್ವಜನಿಕರದ್ದು ಎಂದರೆ ಮೊದಲು ಜೆಸಿಬಿ ತಂದವನದ್ದು.

ಹಳ್ಳ ಒಂದೇ ರಾತ್ರಿಯಲ್ಲಿ ಮಾಯವಾಗುವುದಿಲ್ಲ. ಅದಕ್ಕೂ ಒಂದು ಶಿಸ್ತಿದೆ. ಮೊದಲು ದಡದ ಹೊಂಗೆ, ನೇರಳೆ ಮರಗಳು ಸೌದೆಯಾಗಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಹೋಗುತ್ತವೆ. ಮರುವರ್ಷ ಶುಂಠಿ ಮಡಿ ನೀರಿನ ಅಂಚಿಗೆ ಬಂದು ಕೂರುತ್ತದೆ. ಅದರ ಮರುವರ್ಷ ಬದು ಹಳ್ಳದೊಳಗೇ ಇಳಿಯುತ್ತದೆ. ಆಮೇಲೆ ಜಮೀನು ಕೈ ಬದಲಾಗುತ್ತದೆ, ಅಲಿನೇಷನ್ ಆಗುತ್ತದೆ. ಅಷ್ಟಗಲದ ಹಳ್ಳಕ್ಕೆ ಎರಡಡಿ ಸಿಮೆಂಟ್ ಪೈಪು ಹೂತು ಮೇಲೆ ಮಣ್ಣು ಸುರಿಯುತ್ತಾರೆ. ಸುಣ್ಣ ಬಳಿದ ಕಲ್ಲು ನೆಡುತ್ತಾರೆ. ರಸ್ತೆ ಬದಿಗೆ ಫ್ಲೆಕ್ಸ್ ಏಳುತ್ತದೆ: ‘ಪ್ರಕೃತಿಯ ಮಡಿಲಲ್ಲಿ ನಿಮ್ಮ ಕನಸಿನ ನಿವೇಶನ’. ಪ್ರಕೃತಿ ಆಗಲೇ ಬ್ಯಾರನ್ನಿನಲ್ಲಿ ಸುಟ್ಟು ಬೂದಿಯಾಗಿದೆ.

ಅಷ್ಟರಲ್ಲಿ ಯಾರೋ ತಲೆಕೆಟ್ಟವನು ಅರ್ಜಿ ಕೊಡುತ್ತಾನೆ. ಸ್ಥಳ ಪರಿಶೀಲನೆಗೆ ಸಾಹೇಬರು ಬರುತ್ತಾರೆ, ಸರಿಯಾಗಿ ಏಪ್ರಿಲ್ ತಿಂಗಳಲ್ಲಿ. ‘ಸ್ಥಳದಲ್ಲಿ ಹಳ್ಳ ಕಂಡುಬಂದಿರುವುದಿಲ್ಲ’ ಎಂದು ವರದಿ ಬರೆಯುತ್ತಾರೆ. ಸತ್ಯವನ್ನೇ ಬರೆದಿದ್ದಾರೆ. ಮುಚ್ಚಿದ ಮೇಲೆ ಕಾಣುವುದೆಲ್ಲಿಂದ?

ಆದರೂ ಪಟ್ಟು ಬಿಡದೆ ಕೇಳಿ. ಕಂದಾಯದವರು ಸಣ್ಣ ನೀರಾವರಿಯವರನ್ನು ಕೇಳಿ ಎನ್ನುತ್ತಾರೆ. ಸಣ್ಣ ನೀರಾವರಿಯವರು ಪಂಚಾಯಿತಿ ಕಡೆ ಕೈ ತೋರಿಸುತ್ತಾರೆ. ಪಂಚಾಯಿತಿಯವರು ಸರ್ವೆ ಆಗಬೇಕು ಎನ್ನುತ್ತಾರೆ. ಸರ್ವೆಯವರಿಗೆ ಪುರಸೊತ್ತಿಲ್ಲ, ಆ ಲೇಔಟಿನ ಸೈಟುಗಳನ್ನು ಅಳೆಯುತ್ತಿದ್ದಾರೆ.

ಇನ್ನು ಮೀಟರುಗಳ ಕಥೆ. ಬೆಂಗಳೂರಿನ ಪ್ರಕರಣವೊಂದರಲ್ಲಿ 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು: ಕೆರೆಯಿಂದ 75 ಮೀಟರ್, ರಾಜಕಾಲುವೆಯಿಂದ ಅದರ ದರ್ಜೆ ನೋಡಿ 50, 35, 25 ಮೀಟರ್ ಬಿಡಬೇಕು. ರಾಜ್ಯ ಸರ್ಕಾರಕ್ಕೂ ಬಿಲ್ಡರುಗಳಿಗೂ ಒಟ್ಟಿಗೆ ಎದೆನೋವು ಬಂತು. ಸುಪ್ರೀಂ ಕೋರ್ಟಿಗೆ ಹೋದರು. 2019ರ ಮಾರ್ಚ್‌ನಲ್ಲಿ ಆ ಆದೇಶ ರದ್ದಾಗಿ, ಕೆರೆಗೆ 30, ಕಾಲುವೆಗೆ 50, 25, 15 ಎಂಬ ಬೆಂಗಳೂರಿನ ಹಳೇ ಮಾಸ್ಟರ್ ಪ್ಲಾನ್ ಲೆಕ್ಕವೇ ಉಳಿಯಿತು.

30 ಕೂಡ ಭಾರವಾಯಿತು. ಕೆರೆ ಕಾಯಲೆಂದೇ 2014ರ ಒಂದು ಕಾಯ್ದೆ, ಅದರಡಿ ಒಂದು ಪ್ರಾಧಿಕಾರ ಬಂದಿತ್ತು. ಯಾವ ಕೆರೆಯಾದರೂ 30 ಮೀಟರ್ ಒಳಗೆ ಕಟ್ಟಡ ಕೂಡದು ಎಂದಿತ್ತು. 2025ರ ಆಗಸ್ಟ್‌ನಲ್ಲಿ ವಿಧಾನಸಭೆ ಅದಕ್ಕೆ ತಿದ್ದುಪಡಿ ಮಸೂದೆ ಒಪ್ಪಿತು. ಅದರ ಪ್ರಕಾರ ನೂರು ಎಕರೆ ಮೀರಿದ ಕೆರೆಗೆ ಮಾತ್ರ 30 ಮೀಟರ್. ಒಂದರಿಂದ ಹತ್ತು ಎಕರೆಯ ಕೆರೆಗೆ 6. ಎಕರೆಯೊಳಗಿನದಕ್ಕೆ 3. ಐದು ಗುಂಟೆಯ ಕಟ್ಟೆಗೆ ಸೊನ್ನೆ.

6 ಮೀಟರ್ ಎಂದರೆ ಎಷ್ಟು? ಟ್ರೈಲರ್ ಸಮೇತ ಒಂದು ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದರೆ ಮುಗಿಯಿತು, ಕೆರೆ ಸಂರಕ್ಷಣೆ.

ಇದರ ತರ್ಕ ನೋಡಿ. ದೊಡ್ಡ ಕೆರೆ ಹೇಗೋ ಬದುಕುತ್ತದೆ, ಅದಕ್ಕೆ ಕಾವಲು ಹೆಚ್ಚು. ಒಂದೇ ಬೇಸಿಗೆಯಲ್ಲಿ ನುಂಗಿಬಿಡಬಹುದಾದ ಊರಮುಂದಿನ ಕಟ್ಟೆಗೆ ಕಾವಲೇ ಬೇಡ. ಒತ್ತುವರಿದಾರ ಒಂದಡಿ ಹಿಂದೆ ಸರಿಯಲಿಲ್ಲ. ಕಾನೂನೇ ಮರ್ಯಾದೆಯಾಗಿ ಒಳಗೆ ಸರಿದು ಅವನಿಗೆ ಜಾಗ ಬಿಟ್ಟುಕೊಡಲು ಹೊರಟಿತು.

ಇಷ್ಟಾದರೂ ನಮ್ಮನ್ನಾಳುವವರು ಭಕ್ತಿಯಲ್ಲಿ ಯಾರಿಗೂ ಕಡಿಮೆಯಿಲ್ಲ. ಕೆಆರ್‌ಎಸ್, ಕಬಿನಿ ತುಂಬಿದರೆ ಮುಖ್ಯಮಂತ್ರಿಗಳೇ ಬಂದು ಬಾಗಿನ ಬಿಡುತ್ತಾರೆ. ಅರಿಶಿನ, ಕುಂಕುಮ, ಬಳೆ, ರವಿಕೆ ಕಣ. ತಾಯಿಗೆ ಸೀರೆ ಉಡಿಸುತ್ತಾರೆ, ಅವಳ ಕೈಕಾಲು ಕತ್ತರಿಸಿ ಮೂವತ್ತು-ನಲವತ್ತರ ಸೈಟು ಮಾಡುತ್ತಾರೆ. ಊರ ಕೆರೆ ಕೋಡಿ ಬಿದ್ದರೆ ಸ್ಥಳೀಯ ಮುಖಂಡರದೂ ಬಾಗಿನ. ಅವರ ಕಾರು ನಿಂತಿರುವುದು ಬಹಳ ಸಲ ಪೋಷಕ ಕಾಲುವೆಯ ಮೇಲೆಯೇ.

ಹಳ್ಳದ ದಡದಲ್ಲಿ ಶೀಟು ಹೊದಿಸಿ ಗುಡಿಸಲು ಕಟ್ಟಿಕೊಂಡ ಕೂಲಿಯವನಿಗೆ ಮಾತ್ರ ನೋಟಿಸು ತಪ್ಪುವುದಿಲ್ಲ. ಅವನು ‘ಒತ್ತುವರಿದಾರ’. ಹಳ್ಳವನ್ನೇ ನುಂಗಿದವನು ‘ಉದ್ಯಮಿ ಹಾಗೂ ಸಮಾಜ ಸೇವಕ’.

ಪರಿಣಾಮ ನೋಡಲು ದೂರ ಹೋಗಬೇಕಿಲ್ಲ. ನಮ್ಮ ತಾಲ್ಲೂಕಿನ ಕೊಪ್ಪದ ಸೇತುವೆ ದಾಟಿದರೆ ಕುಶಾಲನಗರ. 2018ರಲ್ಲಿ, ಮತ್ತೆ 2019ರಲ್ಲಿ ಅಲ್ಲಿನ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಿಗೆ ಕಾವೇರಿ ನುಗ್ಗಿತು. ಜನ ದೋಣಿಯಲ್ಲಿ ಮನೆ ಬಿಟ್ಟರು. ಅಧಿಕಾರಿಗಳು ‘ಪ್ರಕೃತಿ ವಿಕೋಪ’ ಎಂದು ಬರೆದುಕೊಂಡರು. ನದಿಗೆ ಪ್ರವಾಹ ಬಂದಾಗ ಹರಡಿಕೊಳ್ಳಲು ಜಾಗ ಬೇಕು. ಆ ಜಾಗದಲ್ಲಿ ಬಡಾವಣೆಗೆ ಅನುಮೋದನೆ ಕೊಟ್ಟದ್ದು ಪ್ರಕೃತಿಯಲ್ಲ. ಪರಿಹಾರ ಕೊಟ್ಟದ್ದು ಮಾತ್ರ ನಿಮ್ಮ ನಮ್ಮ ತೆರಿಗೆ ಹಣ.

ಇಲ್ಲಿ ಗೊತ್ತಿಲ್ಲ ಎನ್ನಲು ಯಾರಿಗೂ ನೆಪವಿಲ್ಲ. ಸರ್ವೆ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಹಳ್ಳ ಇದೆ. ಸರ್ಕಾರದ್ದೇ ‘ದಿಶಾಂಕ್’ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಪ್ರತಿ ಜೇಬಿನಲ್ಲೂ ಇರುವ ನಕ್ಷೆ ಸಹಿ ಹಾಕುವ ಮೇಜಿಗೆ ಮಾತ್ರ ತಲುಪಿಲ್ಲ.

ಅವರು ನೋಡುವುದಿಲ್ಲ. ನೀವಾದರೂ ನೋಡಿ. ಅಡ್ವಾನ್ಸ್ ಕೊಡುವ ಮೊದಲು ಗ್ರಾಮ ನಕ್ಷೆ ಬಿಡಿಸಿ, ಸೈಟಿನ ಮೇಲೆ ಹಳ್ಳ ಹಾದಿದೆಯೇ ಹುಡುಕಿ. ಹಾದಿದ್ದರೆ ಬಿಟ್ಟು ಬನ್ನಿ. ಗೊತ್ತಿದ್ದೂ ಕೊಂಡರೆ, ನಡುಮನೆಗೆ ನೀರು ನುಗ್ಗಿದ ದಿನ ದೇವರನ್ನು ಬೈಯಬೇಡಿ. ಆ ನೀರಿನ ಹೆಸರಿಗೆ ಪಹಣಿ ಇಲ್ಲದಿರಬಹುದು, ಜಾಗ ಅದರದ್ದೇ.