ಬತ್ತೇರಿಗೆ ಬಂದ ದುರ್ಗದ ಭಾವ

ಮಂಗಳೂರಿಗೆ ಇರುವುದು ಎರಡೇ ಕಾಲ, ಮಳೆ ಮತ್ತು ಸೆಕೆ ಎನ್ನುವವರಿಗೆ ಘಟ್ಟದ ಮೇಲೆ ನೆಂಟರಿಲ್ಲ ಎಂದು ತಿಳಿಯಬೇಕು. ನಮ್ಮ ಮನೆಯಲ್ಲಿ ಮೂರನೆಯದೊಂದಿದೆ. ದಸರೆಯಿಂದ ಹಿಡಿದು ಕ್ರಿಸ್‌ಮಸ್ ರಜೆ ಮುಗಿಯುವ ತನಕ ಶಿರಾಡಿ ಇಳಿದು ಬರುವವರ ಕಾಲ. ಮೊದಲ ದಿನ ಸಮುದ್ರ, ನೀರುದೋಸೆ, ಗಡ್‌ಬಡ್ ಐಸ್‌ಕ್ರೀಂನಲ್ಲಿ ಹೇಗೋ ಕಳೆದುಹೋಗುತ್ತದೆ. ಎರಡನೆಯ ದಿನ ಬೆಳಗ್ಗೆ ಯಾರಾದರೊಬ್ಬರು ಫೋನಿನಿಂದ ತಲೆಯೆತ್ತಿ, “ಇಲ್ಲಿ ಟಿಪ್ಪು ಕಟ್ಟಿಸಿದ ಕೋಟೆ ಇದೆಯಂತಲ್ಲ?” ಅನ್ನುತ್ತಾರೆ. ನನಗೆ ಆಗಿಂದಲೇ ಪುಕಪುಕ.

ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ನೋಡುವುದಕ್ಕಿಂತ ಹೆಚ್ಚು ಹೊತ್ತು ಅಲ್ಲಿ ಗಾಡಿ ನಿಲ್ಲಿಸುವುದಕ್ಕೆ ಬೇಕು. ಕಪ್ಪು ಕಲ್ಲಿನ ಗಿಡ್ಡನೆಯ ಕಟ್ಟಡ, ಹತ್ತಲು ಮೆಟ್ಟಿಲು, ಮೇಲೆ ಸುತ್ತಲೂ ತೋಪಿನ ಕಿಂಡಿಗಳು, ಕೆಳಗೆ ಮದ್ದಿನ ಕೋಣೆ. ಅಷ್ಟೇ. ಅರಮನೆ ಇಲ್ಲ, ಕಂದಕ ಇಲ್ಲ, ರಾಣಿಯ ಸ್ನಾನದ ಕೊಳವಂತೂ ಇಲ್ಲವೇ ಇಲ್ಲ.

ಹೋದ ಸಲ ಈ ಬೇಡಿಕೆ ಇಟ್ಟವರು ಅಕ್ಕನ ಗಂಡ, ಚಿತ್ರದುರ್ಗದ ಭಾವ. ಏಳು ಸುತ್ತಿನ ಕೋಟೆಯ ಬುಡದಲ್ಲೇ ಹುಟ್ಟಿ ಬೆಳೆದವರು. ಉಳಿದ ಊರುಗಳ ಕೋಟೆಗಳೆಲ್ಲ ಅವರ ಲೆಕ್ಕದಲ್ಲಿ ಕಾಂಪೌಂಡು. ಮೇಲಾಗಿ, 1779ರಲ್ಲಿ ಹೈದರಾಲಿ ಮದಕರಿನಾಯಕನಿಂದ ದುರ್ಗ ಕಿತ್ತುಕೊಂಡದ್ದನ್ನು ಅವರು ನಿನ್ನೆ ಮೊನ್ನೆ ನಡೆದ ಆಸ್ತಿ ತಕರಾರಿನ ಹಾಗೆ ಹೇಳುತ್ತಾರೆ. ಹೈದರನ ಮಗ ಕಟ್ಟಿಸಿದ್ದರಲ್ಲಿ ಕೊರತೆ ಹುಡುಕಲು ತಯಾರಾಗಿಯೇ ಬಂದಿದ್ದರು.

ಮೆಟ್ಟಿಲು ಹತ್ತಿ, ಸೊಂಟದ ಮೇಲೆ ಕೈಯಿಟ್ಟು, ಸುತ್ತ ಕಣ್ಣು ಹಾಯಿಸಿ ಕೇಳಿದರು. “ಎಲ್ಲೋ ಕೋಟೆ?”

“ನೀವು ನಿಂತಿರೋದೇ, ಭಾವ.”

ಅವರು ಒಮ್ಮೆ ಕಾಲಡಿ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು.

ಊರಿನ ಮಾನ ಉಳಿಸುವ ಹೊಣೆ ನನ್ನ ತಲೆಗೆ ಬಂತು. ಕತೆ ತೆಗೆದೆ. 1783ರಲ್ಲಿ ಮಂಗಳೂರಿನ ಕೋಟೆ ಕಂಪನಿಯವರ ಕೈಯಲ್ಲಿತ್ತು, ಟಿಪ್ಪು ಅದಕ್ಕೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತ, ಒಳಗಿದ್ದ ಕರ್ನಲ್ ಕ್ಯಾಂಪ್‌ಬೆಲ್‌ನ ಪಡೆ ಹಸಿವು ರೋಗಗಳಲ್ಲಿ ಸವೆದು ಮರುವರ್ಷ ಜನವರಿಯಲ್ಲಿ ಕೋಟೆ ಒಪ್ಪಿಸಿತು, ಮಾರ್ಚ್ 11ಕ್ಕೆ ಇದೇ ಊರಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಬತ್ತೇರಿ ಕಟ್ಟಿದ್ದು ಆ ವರ್ಷವೇ, 1784ರಲ್ಲಿ, ಗುರುಪುರ ನದಿಯೊಳಕ್ಕೆ ಯುದ್ಧದ ಹಡಗು ನುಗ್ಗದಂತೆ ಕಾಯಲು. ಸಹಿಯ ಮೇಲೆ ಸುಲ್ತಾನನಿಗೆ ಎಷ್ಟು ಭರವಸೆ ಇತ್ತೆನ್ನುವುದು ಇದರಲ್ಲೇ ಗೊತ್ತಾಗುತ್ತದಲ್ಲ, ಭಾವ?

ಭಾವ ಮಿಸುಕಲಿಲ್ಲ. “ಆ ದೊಡ್ಡ ಕೋಟೆ ತೋರಿಸು ಮತ್ತೆ.”

ಅದು ಈಗ ಇಲ್ಲ. ಇಲ್ಲದ್ದನ್ನು ಹೊಗಳಿ ಇರುವುದನ್ನು ತೋರಿಸುವ ಗತಿ ನನ್ನದು.

ಅಷ್ಟರಲ್ಲಿ ಅವರ ಮಗ ತೋಪಿನ ಕಿಂಡಿಯೊಂದಕ್ಕೆ ಸೆಲ್ಫಿ ಕೋಲು ತೂರಿಸಿ ಬಾಯಲ್ಲೇ ಮದ್ದು ಹಾರಿಸುತ್ತಿದ್ದ. ನಾನೂ ಬಗ್ಗಿ ನೋಡಿದೆ. ಕಿಂಡಿಯ ಕಲ್ಲು ಮಧ್ಯಾಹ್ನದ ಬಿಸಿಲುಂಡು ಇನ್ನೂ ಸುಡುತ್ತಿತ್ತು. ಒಳಮೈಯಲ್ಲಿ ಮಳೆಗಾಲದ ಹಾವಸೆ ಒಣಗಿ ಸಿಪ್ಪೆಯೆದ್ದಿತ್ತು, ಅದರ ಮೇಲೆ ಯಾವನೋ ಪ್ರೇಮಿ ಮೊಳೆಯಲ್ಲಿ ಕೊರೆದ ಹೃದಯ, ಹೃದಯದೊಳಗೆ ಎರಡು ಅಕ್ಷರ, ಒಂದನ್ನು ಆಮೇಲೆ ಗೀಚಿ ಅಳಿಸಿದ್ದು. ಅದರಾಚೆ ನೀರು, ಮೀನಿನ ದೋಣಿ, ತಣ್ಣೀರುಬಾವಿಯ ತೆಂಗು. ಇಂಥ ಕಟ್ಟಡವನ್ನು ದೂರ ನಿಂತು ನೋಡಿದರೆ ಏನೂ ಸಿಗುವುದಿಲ್ಲ. ಅದರ ಕಿಂಡಿಗೆ ಕಣ್ಣಿಟ್ಟು ಹೊಳೆ ನೋಡಬೇಕು. ಈ ಮಾತನ್ನು ಭಾವನಿಗೆ ಹೇಳುವ ಧೈರ್ಯ ಬರಲಿಲ್ಲ.

ಹೇಳಿದ್ದು ಅಕ್ಕ. ಕಟ್ಟೆಯ ಮೇಲೆ ಆರಾಮವಾಗಿ ಕೂತು, ಚೀಲದಿಂದ ಚಕ್ಕುಲಿ ತೆಗೆಯುತ್ತಾ, “ಮದುವೆಯಾದಾಗಿಂದ ಎಷ್ಟು ಕೋಟೆ ಹತ್ತಿಸಿದಾರೆ ಇವರು. ಮಂಡಿ ನೋವಿಲ್ಲದೆ ಪೂರ್ತಿ ನೋಡಿ ಮುಗಿಸಿದ್ದು ಇದೊಂದೇ” ಎಂದಳು. ಭಾವನ ಏಳೂ ಸುತ್ತು ಒಂದೇ ಮಾತಿಗೆ ಬಿತ್ತು.

ಆಮೇಲೆ ಫೆರ್ರಿ ಹತ್ತಿ ತಣ್ಣೀರುಬಾವಿಗೆ ಹೊರಟೆವು. ನಡುಹೊಳೆಯಲ್ಲಿ ಭಾವ ಹಿಂತಿರುಗಿ ಬತ್ತೇರಿಯನ್ನು ಮರಗಳ ಸಂದಿಯಲ್ಲಿ ಹುಡುಕತೊಡಗಿದರು.

“ಹಡಗಿನವನ ಕಣ್ಣಿಗೆ ಬೀಳೋದೇ ಇಲ್ವಲ್ಲೋ ಇದು!”

“ಅದಕ್ಕೇ ಅಲ್ವಾ ಭಾವ, ಗಿಡ್ಡ.”

ಸ್ವಲ್ಪ ಹೊತ್ತು ಸುಮ್ಮನಿದ್ದು, ಒಪ್ಪಿಕೊಂಡರೆ ದುರ್ಗಕ್ಕೆ ಅವಮಾನವಾದೀತೆಂಬಂತೆ, “ಆದ್ರೂ ಕಂಪನಿಯವರು ಬಂದರಲ್ಲ” ಎಂದರು. ಬಂದರು, ನಿಜ. ಆದರೆ 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಅವರ ಸೈನ್ಯ ಬಂದದ್ದು ನೆಲದ ದಾರಿಯಲ್ಲಿ. ಬತ್ತೇರಿ ಕಾಯುತ್ತಿದ್ದ ದಾರಿಯೇ ಬೇರೆ.

ಮರುದಿನ ಉಳಿದದ್ದನ್ನೂ ತೋರಿಸಿದೆ. ಕದ್ರಿಯಲ್ಲಿ ಮೂರು ಮುಖ ಆರು ಕೈಗಳ ಕಂಚಿನ ಲೋಕೇಶ್ವರನಿಗೆ ಭಾವ ಚಕಾರವೆತ್ತದೆ ಕೈಮುಗಿದರು. ಅಲೋಶಿಯಸ್ ಚಾಪೆಲಿನಲ್ಲಿ, ಇಟಲಿಯಿಂದ ಬಂದ ಆಂಟೋನಿಯೊ ಮೋಸ್ಕೇನಿ ಗೋಡೆ ಮತ್ತು ಚಾವಣಿ ತುಂಬ ಬರೆದ ಚಿತ್ರಗಳನ್ನು ನೋಡುತ್ತ ಕತ್ತು ಹಿಡಿದುಕೊಂಡರು. ಮಂಡಿಯಲ್ಲದಿದ್ದರೆ ಕತ್ತು. ಪರಂಪರೆ ಏನಾದರೊಂದು ಹಿಡಿಯದೆ ಬಿಡುವುದಿಲ್ಲ.

ನೀವೂ ಬರುವುದಾದರೆ ಬಿಸಿಲಿಳಿದ ಮೇಲೆ ಬತ್ತೇರಿಗೆ ಬನ್ನಿ. ಮಳೆಗಾಲದಲ್ಲಿ ಜಾರದ ಚಪ್ಪಲಿ ಹಾಕಿಕೊಳ್ಳಿ. ಮೊಳೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಮ್ಯಾಪಿನಲ್ಲಿ ಸುಲ್ತಾನ್ ಬತ್ತೇರಿ ಎಂದು ಹಾಕುವಾಗ ಮುಂದೆ ಮಂಗಳೂರು ಎಂದು ಸೇರಿಸಲು ಮಾತ್ರ ಮರೆಯಬೇಡಿ. ಇಲ್ಲವಾದರೆ ಅದು ನಿಮ್ಮನ್ನು ವಯನಾಡಿಗೆ ಮುಟ್ಟಿಸೀತು. ಅಲ್ಲಿ ಸಮುದ್ರವಿಲ್ಲ.