ಹೋಲಿಕೆರಾಯರು

ಪ್ರವಾಸದ ಬಸ್ಸು ಯಾವುದೇ ಇರಲಿ, ಅದರಲ್ಲೊಬ್ಬ ಹೋಲಿಕೆರಾಯರು ಹತ್ತಿರುತ್ತಾರೆ. ಕಲ್ಲು ಸುಮ್ಮನೆ ಕಲ್ಲಾಗಿ ಕೂತಿದ್ದರೆ ಇವರಿಗೆ ತಡೆಯದು. ಅದರೊಳಗಿಂದ ಆನೆಯೋ ಆಂಜನೇಯನೋ ಎದ್ದು ಬರುವ ತನಕ ಹಿಂದಿನವರಿಗೆ ದಾರಿ ಬಿಡುವುದಿಲ್ಲ. ಯಾಣದಲ್ಲಿ ಮಾಡಿದ್ದೆಲ್ಲ ಬರೀ ತಾಲೀಮು. ನಿಜವಾದ ಅಖಾಡ ಆಂಧ್ರದ ಬೆಲುಂ ಗುಹೆ.

ತಾಡಿಪತ್ರಿಯಿಂದ ಮುಂದಕ್ಕೆ, ಬಟಾಬಯಲಿನಲ್ಲಿ ನೆಲವೇ ಬಾಯಿ ಬಿಟ್ಟಂತಿರುವ ಗುಹೆಯದು. ಮೆಟ್ಟಿಲಿಳಿದರೆ ಸೆಕೆ. ಪೈಪಿನಲ್ಲಿ ಗಾಳಿ ಬಿಡುತ್ತಾರಾದರೂ ಅಂಗಿ ಬೆನ್ನಿಗೆ ಅಂಟುತ್ತದೆ. ರಾಯರಿಗೆ ಅದೊಂದೂ ತಾಗದು.

“ಅಗೋ ಗಣಪತಿ!”

“ಎಲ್ರೀ?”

“ಸೊಂಡಿಲು ಕಾಣಲ್ವೇ? ಎಡಕ್ಕೆ ಬನ್ನಿ. ಬಗ್ಗಿ. ಈಗ ಒಂದು ಕಣ್ಣು ಮುಚ್ಚಿ.”

ಕಾಣಿಸಿತು ಎಂದುಬಿಡುವುದೇ ಕ್ಷೇಮ. ಇಲ್ಲವೆಂದವರಿಗೆ ಮೊಬೈಲ್ ಟಾರ್ಚ್ ಹಾಕಿ ಕಿವಿಯಿಂದ ಮತ್ತೆ ಶುರು.

ಮಳೆನೀರು ಸುಣ್ಣದಕಲ್ಲನ್ನು ಕರಗಿಸಿ, ಹನಿಹನಿಯಾಗಿ ತೊಟ್ಟಿಕ್ಕಿ, ಸಾವಿರಾರು ವರ್ಷದಲ್ಲಿ ಇಳಿಬಿಟ್ಟ ಕಂಬಗಳಿವು ಎಂದು ಗೈಡು ತೆಲುಗು-ಕನ್ನಡ ಬೆರೆಸಿ ಹೇಳುತ್ತಿದ್ದ. “ಅದಿರ್ಲಿ, ಇದು ಯಾವ ದೇವರು ಹೇಳು” ಎಂದರು ರಾಯರು. ಅವನೂ ಪಳಗಿದವನೇ. “ಕೋಟಿಲಿಂಗಾಲು ಸಾರ್” ಎಂದುಬಿಟ್ಟ. ಒಂದೇ ಏಟಿಗೆ ಕೋಟಿ! ರಾಯರ ಮುಖ ಸಪ್ಪಗಾಯಿತು. ಸಪ್ತಸ್ವರದ ಗುಹೆಯಲ್ಲಿ ಸೇಡು ತೀರಿಸಿಕೊಂಡರು: ತಟ್ಟಿದರೆ ನಾದ ಬರುವ ಕಲ್ಲನ್ನು ಗೆಣ್ಣಿನಿಂದ ಒಮ್ಮೆ ತಟ್ಟಿ, “ಮೋಹನ” ಎಂದರು. ಒಂದೇ ಸ್ವರಕ್ಕೆ ರಾಗ! ಶ್ರೀಮತಿಯವರು ಮಾತ್ರ ನೀರಿನ ಬಾಟಲಿ ಮುಂದೆ ಚಾಚಿದರು.

1884ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಹೆಯ ವಿಚಾರ ಬರೆದರು. 1982-83ರಲ್ಲಿ ಜರ್ಮನಿಯ ಗೆಬಾವರ್ ತಂಡದವರು ಒಳಗೆಲ್ಲ ತೆವಳಿ ಅಳೆದರು. ರಾಯರಿಗೆ ಅವರ ಮೇಲೆ ಕನಿಕರ. “ಇಷ್ಟೆಲ್ಲ ಅಳೆದ್ರು ಪಾಪ, ಗಣಪತಿ ಕಣ್ಣಿಗೇ ಬೀಳಲಿಲ್ಲ.” ಗುಹೆಯ ಉದ್ದ 3,229 ಮೀಟರ್. ಪ್ರವಾಸಿಗರಿಗೆ ತೆರೆದಿರುವುದು ಸುಮಾರು ಅರ್ಧ. ಉಳಿದರ್ಧಕ್ಕೂ ಬಿಟ್ಟಿದ್ದರೆ ಮುಕ್ಕೋಟಿ ದೇವತೆಗಳ ಹಾಜರಿ ಅಲ್ಲೇ ಮುಗಿದು, ನಮ್ಮ ಊಟ ತಪ್ಪುತ್ತಿತ್ತು.

ಬೆವರೊರೆಸಿಕೊಳ್ಳುತ್ತ ಮೇಲೆ ಬಂದೆವು. ಹೊರಗೆ ಬುದ್ಧನ ಭಾರಿ ವಿಗ್ರಹವಿದೆ. ಶಿಲ್ಪಿಗಳೇ ಮಾಡಿದ್ದು, ಕಣ್ಣು ಮೂಗು ಎಲ್ಲ ಇದ್ದಲ್ಲೇ ಇವೆ. ರಾಯರು ಎಡಕ್ಕೆ ಸರಿದರು, ಬಗ್ಗಿದರು, ಒಂದು ಕಣ್ಣು ಮುಚ್ಚಿದರು.

“ಊಹೂಂ, ಹೋಲಿಕೆ ಅಷ್ಟಿಲ್ಲ.”